ಲಿಫ್ಟಿನ ಬೋರ್ಡು

ಇಪ್ಪತ್ತೊಂಬತ್ತು ವರ್ಷಗಳಿಂದ ಚಷ್ಮದಂಗಡಿಯವರು ದಿನಕ್ಕೆ ನೂರು ಸಲ ಕೇಳುತ್ತ ಬಂದಿದ್ದ ಪ್ರಶ್ನೆ ಒಂದೇ: "ಇದು ಚೆನ್ನಾಗಿ ಕಾಣುತ್ತಾ, ಇದಾ?" ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಭಾರದ ಲೋಹದ ಚೌಕಟ್ಟು, ಅದರೊಳಗಿಂದ ಒಂದು ಗಾಜು ತೆಗೆದು ಇನ್ನೊಂದು ಗಾಜು ಇಳಿಸುವುದು, ಮತ್ತೆ ಅದೇ ಪ್ರಶ್ನೆ. ಎಂಥ ಅನುಮಾನದ ಪ್ರಾಣಿಯೇ ಬಂದು ಕೂತರೂ ಇಪ್ಪತ್ತು ನಿಮಿಷದೊಳಗೆ ಉತ್ತರ ಹೊರಬೀಳುತ್ತಿತ್ತು. "ಎರಡೂ ಒಂದೇ ಥರ ಇದೆಯಪ್ಪ" ಎಂದವರಿಗೆ "ಹಾಗಾದ್ರೆ ಮೊದಲನೇದೇ" ಎಂದು ಚೀಟಿ ಬರೆದು ಕೊಟ್ಟುಬಿಡುತ್ತಿದ್ದರು. ಇಂಥ ಮನುಷ್ಯ ತಮ್ಮ ಮನೆಗೆ ಒಂದು ಆಂಪ್ಲಿಫೈಯರ್ ಆರಿಸಲಾರದೆ ಹನ್ನೊಂದು ವರ್ಷ ಕಳೆದಿದ್ದರು.

ಸ್ಪೀಕರ್ ಡಬ್ಬಗಳೇನೋ ತಯಾರಿದ್ದವು. ಬಡಗಿಯ ತಲೆ ತಿಂದು, ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೂ ಹಲಗೆ ವಾಪಸು ಕಳಿಸಿ, ಸೊಂಟದೆತ್ತರದ ಎರಡು ಡಬ್ಬ ಮಾಡಿಸಿ ಮುಂದಿನ ಕೋಣೆಯ ಎರಡು ಮೂಲೆಗೆ ನಿಲ್ಲಿಸಿದ್ದರು. ಅವುಗಳಿಗೆ ದನಿ ಕೊಡುವ ಯಂತ್ರ ಮಾತ್ರ ಬರಲಿಲ್ಲ. ಬರುವವರೆಗೆ ಜಾಗ ಯಾಕೆ ಹಾಳು ಎಂದು ಎಡಗಡೆಯದರ ಮೇಲೆ ಇಸ್ತ್ರಿಯಾದ ಬಟ್ಟೆ, ಬಲಗಡೆಯದರ ಮೇಲೆ ಹಳೆಯ ಪತ್ರಿಕೆಗಳು ಬಂದು ಕೂತವು. ಇವೇನು ಎಂದು ಯಾರಾದರೂ ಕೇಳಿದರೆ ಅವರ ಹೆಂಡತಿ "ನಮ್ಮನೆ ದ್ವಾರಪಾಲಕರು. ಮಾತಾಡಿಸ್ಬೇಡಿ, ಅಭ್ಯಾಸ ಇಲ್ಲ" ಎನ್ನುತ್ತಿದ್ದಳು.

ಆಮೇಲೆ ಕಿವಿಯ ಡಾಕ್ಟರು ಅವರ ಕಿವಿ ಪರೀಕ್ಷಿಸಿ ಒಂದು ಹಾಳೆ ಕೊಟ್ಟರು. ಅದರ ಮೇಲೆ ಎಡದಿಂದ ಬಲಕ್ಕೆ ನೆಟ್ಟಗೆ ಹೋಗಬೇಕಾದ ಗೆರೆ ನಡುದಾರಿಯಲ್ಲಿ ಕಾಲು ಜಾರಿದವರಂತೆ ಕೆಳಕ್ಕೆ ಬಿದ್ದಿತ್ತು. ಒಳಕಿವಿಯ ನರಗಳು ಸಾಯುತ್ತಿವೆ, ಸಕಾರ, ಗೆಜ್ಜೆಯಂಥ ತೆಳು ಸದ್ದುಗಳು ಮೊದಲು ಹೋಗುತ್ತವೆ, ಮಾತ್ರೆ ಬರೆದಿದ್ದೇನೆ, ಅದನ್ನೇ ನಂಬಿಕೊಂಡು ಕೂರಬೇಡಿ ಎಂದು ಡಾಕ್ಟರು ಎದುರಿಗೆ ಕೂತು ತುಟಿ ಅಗಲಿಸಿ ವಿವರಿಸಿದರು. ಎಷ್ಟು ದಿನ ಎಂದು ಇವರು ಕೇಳಿದರು.

"ಆರು ತಿಂಗಳು. ಹೆಚ್ಚು ಅಂದ್ರೆ ಎಂಟು. ಆಮೇಲೂ ಸದ್ದು ಇರುತ್ತೆ. ಹಾಡು ಇರಲ್ಲ."

ಡಾಕ್ಟರಿಗೆ ಗೊತ್ತಿರಲಿಲ್ಲ, ಚಷ್ಮದಂಗಡಿಯವರಿಗೆ ಈ ಭೂಮಿಯ ಮೇಲೆ ಕೇಳಬೇಕಾಗಿದ್ದ ಹಾಡು ಒಂದೇ ಒಂದು. ನಾಲ್ಕು ನಿಮಿಷ ಹತ್ತು ಸೆಕೆಂಡಿನದು. ಹೆಂಡತಿ ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ರೇಡಿಯೋದಲ್ಲಿ ಹಾಡಿದ್ದು. ಆಗಿನ್ನೂ ಗಾಜು ಉಜ್ಜುವ ಕೆಲಸಕ್ಕಿದ್ದ ಇವರು ಅಂಗಡಿಯ ರೇಡಿಯೋದಲ್ಲಿ ಅದನ್ನು ಕೇಳುತ್ತ ಯಾರದೋ ಬಲಗಣ್ಣಿನ ಗಾಜನ್ನು ಎಡಗಣ್ಣಿಗೆ ಕೂರಿಸಿ ಯಜಮಾನರಿಂದ ಬೈಸಿಕೊಂಡಿದ್ದರು. ಮರುವರ್ಷ ಆ ದನಿಯ ಜೊತೆಗೇ ಮದುವೆಯಾಯಿತು. ಮದುವೆಯಾದ ನಾಲ್ಕನೆಯ ವರ್ಷ ಅವಳ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿ ಆಪರೇಷನ್ ಆಯಿತು. ಗಂಟಿನ ಜೊತೆಗೆ ಹಾಡೂ ಹೋಯಿತು. ಉಳಿದದ್ದು ಮಾತಿಗೆ ಸಾಕಾಗುವಷ್ಟು ಒರಟು ದನಿ. ಎಣ್ಣೆ ಕಾಣದ ಬಾಗಿಲ ಕೀಲು ಎಂದು ಅವಳೇ ಅದಕ್ಕೆ ಹೆಸರಿಟ್ಟಿದ್ದಳು.

ರೇಡಿಯೋದವರು ಕೊಟ್ಟಿದ್ದ ಕ್ಯಾಸೆಟ್ಟು ಕಬ್ಬಿಣದ ಬೀರುವಿನಲ್ಲಿ, ಮನೆಪತ್ರದ ಪಕ್ಕದಲ್ಲಿತ್ತು. ಈ ಮನೆಯಲ್ಲಿ ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಹಾಕಿದಷ್ಟೂ ಟೇಪು ಸವೆಯುತ್ತದೆ. ಸವೆಯುವುದೇ ಆದರೆ ಅದಕ್ಕೆ ತಕ್ಕ ಯಂತ್ರದಲ್ಲಿ ಸವೆಯಲಿ ಎಂಬುದು ಚಷ್ಮದಂಗಡಿಯವರ ಸಿದ್ಧಾಂತ. ಮೂಲೆಯಲ್ಲಿದ್ದ ಹಳೆಯ ಸೆಟ್ಟಿನಲ್ಲಿ ಹಾಕಿ ಒಂದು ಸಲ ಕೇಳಿಬಿಡೋಣ ಎಂದು ಹೆಂಡತಿ ಮೊದಮೊದಲು ಹೇಳುತ್ತಿದ್ದಳು. ಆ ಸೆಟ್ಟಿಗೆ ತೆಳು ಸದ್ದು ಏರಿಸುವ ಟ್ರೆಬಲ್ ತಿರುಪು, ದಪ್ಪ ಸದ್ದು ಏರಿಸುವ ಬೇಸ್ ತಿರುಪು ಎರಡೂ ಇದ್ದವು. ತಿರುಪು ಇರುವ ಸೆಟ್ಟಿನಲ್ಲಿ ಹಾಡು ಕೇಳುವುದೆಂದರೆ ಫೋಟೋಕ್ಕೆ ಮೀಸೆ ಬರೆದು ನೋಡಿದಂತೆ ಎಂದು ಇವರು ತಿರಸ್ಕರಿಸಿದ್ದರು. ಹಾಡು ಹೇಗಿತ್ತೋ ಹಾಗೇ ಬರಬೇಕು. ಎಳ್ಳಷ್ಟು ಸೇರಿಸಬಾರದು, ಎಳ್ಳಷ್ಟು ಕಳೆಯಬಾರದು. ಹೀಗೆ ಪ್ರೀತಿ ಹೆಚ್ಚಾಗಿ, ಇಪ್ಪತ್ತಾರು ವರ್ಷ ಆ ದನಿಯನ್ನು ಕೇಳದೇ ಕಾಪಾಡಿದ್ದರು.

ಡಾಕ್ಟರ ಹತ್ತಿರದಿಂದ ಬಂದ ದಿನ ಅವರು ಬಟ್ಟೆ, ಪತ್ರಿಕೆಗಳನ್ನೆಲ್ಲ ಡಬ್ಬಗಳ ಮೇಲಿಂದ ಇಳಿಸಿದರು. ಹೆಂಡತಿ ಇಸ್ತ್ರಿ ಬಟ್ಟೆಗೆ ಬೇರೆ ಜಾಗ ಹುಡುಕಿದಳು.

ಕಿವಿಗೆ ಇಟ್ಟುಕೊಳ್ಳುವ ಮಿಷನ್ನನ್ನೂ ಪರೀಕ್ಷಿಸಿ ನೋಡಿದ್ದಾಗಿತ್ತು. ಮಾತಿಗೆ ಅದು ಪರವಾಗಿಲ್ಲ. ಗಿರಾಕಿ ಅಂಗಡಿಯಲ್ಲಿ ಏನು ಕೇಳುತ್ತಾನೆಂದು ತಿಳಿಯುತ್ತಿತ್ತು. ಹಾಡು ಹಾಕಿದರೆ ಮಾತ್ರ ಹಾಡುವವರು ಬಕೆಟ್ಟಿನೊಳಗೆ ತಲೆಯಿಟ್ಟು ಟೆಲಿಫೋನಿನಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ಮಿಷನ್ನು ಅಂಗಡಿಯ ಡ್ರಾಯರ್ ಸೇರಿತು.

ಇನ್ನು ಆಯ್ಕೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಹಳೆಯ ಕಾಲದ ಆಂಪ್ಲಿಫೈಯರ್ ಕಟ್ಟಿಕೊಂಡು ಕೂರಲು ಸಮಯವಿರಲಿಲ್ಲ. ಕ್ಲಾಸ್ ಡಿ ಎಂಬ ಹೊಸ ಬಗೆಯ ಆಂಪ್ಲಿಫೈಯರಿನ ಸಿದ್ಧ ಮಾಡ್ಯೂಲೇ ಆಗಬೇಕು: ಅಂಗೈಯಗಲದ ಬೋರ್ಡು, ಮೈ ಬಿಸಿಯಾಗುವುದಿಲ್ಲ, ನಾಲ್ಕು ತಂತಿ ಜೋಡಿಸಿದರೆ ಮುಗಿಯಿತು. ಡಿ ಎಂದರೆ ಡಿಜಿಟಲ್ ಎಂದುಕೊಂಡವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಅದು ಹಾಗಲ್ಲ, ಒಳಗೆ ಬರುವ ಹಾಡನ್ನು ಆ ಬೋರ್ಡು ಸೆಕೆಂಡಿಗೆ ಲಕ್ಷಗಟ್ಟಲೆ ಚೂರಾಗಿ ಕತ್ತರಿಸುತ್ತದೆ, ಕೊನೆಯಲ್ಲಿರುವ ತಂತಿಸುರುಳಿ ಆ ಚೂರುಗಳನ್ನು ಸೇರಿಸಿ ಮತ್ತೆ ಹಾಡು ಮಾಡುತ್ತದೆ ಎಂದು ಹೆಂಡತಿಗೆ ಬಿಡಿಸಿ ಹೇಳಿದರು.

"ಮತ್ತೆ ಸೇರಿಸೋದೇ ಆದ್ರೆ ಕತ್ತರಿಸಿದ್ಯಾಕೆ?" ಎಂದಳು ಅವಳು.

ಇದಕ್ಕೆ ಸರಿಯಾದ ಉತ್ತರವಿದೆ. ಅದನ್ನು ಹೇಳಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅವಳು ಒಂದು ಕಂತೆ ಬಟ್ಟೆ ಮಡಿಸಿದಳು.

ಸಲಹೆಗೆ ಇಂಟರ್ನೆಟ್ಟಿನಲ್ಲಿ ಒಂದು ಕೂಟವಿತ್ತು. ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರ ಜಗಳದ ಕೂಟ. ಅಲ್ಲಿ ಎಲ್ಲರಿಗೂ ಅಡ್ಡಹೆಸರು. ಯಾವ ಮಾಡ್ಯೂಲು ಹಾಡನ್ನು ಎಷ್ಟು ಕಡಿಮೆ ಕೆಡಿಸುತ್ತದೆಂದು ದಶಮಾಂಶ ಬಿಂದುವಿನ ಪಕ್ಕದ ಸೊನ್ನೆಗಳನ್ನು ಎಣಿಸಿ ತೀರ್ಪು ಕೊಡುವವನು ಸೊನ್ನೆರಾಯ. ಸೊನ್ನೆಯನ್ನು ಕಿವಿಗೆ ಹಾಕಿಕೊಳ್ಳಲು ಬರುತ್ತದೆಯೇ ಎಂದು ಅವನನ್ನು ಕೆಣಕುವವನು ಬಿಸಿದೀಪ. ಚಷ್ಮದಂಗಡಿಯವರು ಮೊದಲು "ನನಗೆ ಆರು ತಿಂಗಳಿದೆ" ಎಂದು ಬರೆದು, ಅಳಿಸಿ, "ಹೆಣ್ಣುದನಿಗೆ ಯಾವ ಮಾಡ್ಯೂಲು ಒಳ್ಳೆಯದು?" ಎಂದಷ್ಟೇ ಕೇಳಿದರು. ಅರವತ್ತೆರಡು ಉತ್ತರ ಬಂದವು. ಅವುಗಳಲ್ಲಿ ಒಂದರಲ್ಲೂ ಹೆಣ್ಣುದನಿಯ ಪ್ರಸ್ತಾಪವಿರಲಿಲ್ಲ. ನಾಲ್ಕು ಸೊನ್ನೆಯವನೂ ಮೂರು ಸೊನ್ನೆಯವನೂ ಒಬ್ಬರನ್ನೊಬ್ಬರು ಹರಿದು ತಿಂದರು. ಇವರು ಎಲ್ಲವನ್ನೂ ಓದಿದರು, ಪಟ್ಟಿ ಮಾಡಿದರು, ಪಟ್ಟಿಯನ್ನು ತಿದ್ದಿದರು. ಹೀಗೆ ಎರಡು ತಿಂಗಳು ಹೋಯಿತು.

ಆ ಎರಡು ತಿಂಗಳಲ್ಲಿ ಕರೆಗಂಟೆಯೂ ಹೋಯಿತು. ಮೊದಲು ಅಡುಗೆಮನೆಯಿಂದ ಕೇಳಿಸಲಿಲ್ಲ, ಆಮೇಲೆ ಮುಂದಿನ ಕೋಣೆಯಿಂದಲೂ. ಅಂಗಡಿಯಲ್ಲಿ ಗಿರಾಕಿಗಳು "ಇದು" ಎನ್ನುತ್ತಿದ್ದಾರೋ "ಅದು" ಎನ್ನುತ್ತಿದ್ದಾರೋ ಗೊತ್ತಾಗದೆ, ಬೆರಳು ಎತ್ತಿ ತೋರಿಸಿ ಎಂದು ಹೇಳತೊಡಗಿದರು. ಕೈಗಡಿಯಾರವನ್ನು ಕಿವಿಗೆ ಒತ್ತಿಕೊಂಡು ನಡೆಯುತ್ತಿದೆಯೇ ಎಂದು ನೋಡುವ ಚಟ ಹತ್ತಿತು. ಒಂದು ಸೋಮವಾರ ಗಡಿಯಾರ ನಿಂತಿದೆ ಎಂದುಕೊಂಡು ರಿಪೇರಿಯವನ ಹತ್ತಿರ ಒಯ್ದರು. ಅವನು ಅದನ್ನು ನೋಡಿದ, ಇವರ ಮುಖ ನೋಡಿದ, ಹಿಂದಕ್ಕೆ ಕೊಟ್ಟ. ಮುಳ್ಳು ಓಡುತ್ತಿತ್ತು.

ಅಂದೇ ಅವರು ನಾಲ್ಕು ಸೊನ್ನೆಯ ಮಾಡ್ಯೂಲಿನ ಜೋಡಿಗೆ ಆರ್ಡರ್ ಕಳಿಸಿದರು. ಮಾಡ್ಯೂಲು ಬಂತು, ಅದಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಬೇರೆ ಊರಿಂದ ಬರಬೇಕಿತ್ತು. ಅದು ಬರುವ ತನಕ ಇನ್ನೊಂದು ತಿಂಗಳು ದಿನಾ ಬಾಗಿಲು ತೆರೆದಿಟ್ಟುಕೊಂಡು ಕೂತರು. ಕರೆಗಂಟೆಯನ್ನು ನಂಬುವ ಹಾಗಿರಲಿಲ್ಲವಲ್ಲ.

ಜೋಡಿಸಲು ಬಂದವನು ಭಾವಮೈದುನ, ಹೆಂಡತಿಯ ತಮ್ಮ. ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕಸುಬು. ಬೆಸುಗೆ ಚೆನ್ನಾಗಿ ಗೊತ್ತು, ಮೀಟರುಗಳಿದ್ದವು, ಭಾವನ ಹುಚ್ಚಿನ ಬಗ್ಗೆ ಅನುಕಂಪವಿತ್ತು. ಭಾನುವಾರ ಮಧ್ಯಾಹ್ನ ಮೂರಕ್ಕೆ, ತಿರುಪಿಲ್ಲದ ಹೊಸ ರೇಡಿಯೋ-ಕ್ಯಾಸೆಟ್ ಡೆಕ್ಕಿನಿಂದ ಡಬ್ಬಗಳವರೆಗೆ ತಂತಿಗಳೆಲ್ಲ ಕೂತವು. ಕ್ಯಾಸೆಟ್ಟನ್ನು ಬೀರುವಿನಿಂದ ತೆಗೆಯುವ ಮೊದಲು ಬೇರೆ ಏನಾದರೂ ಹಾಕಿ ನೋಡೋಣ ಎಂದು ರೇಡಿಯೋದ ವಾರ್ತೆ ಹಚ್ಚಿದರು.

ವಾರ್ತೆ ಓದುವ ಹೆಂಗಸು ಕಂಬಳಿ ಹೊದ್ದು ಮಲಗಿದ್ದಳು. ಕಂಬಳಿಯೊಳಗಿನಿಂದಲೇ ಓದುತ್ತಿದ್ದಳು. ದನಿಯಿತ್ತು, ದನಿಗೆ ಹಲ್ಲಿರಲಿಲ್ಲ, ತುಟಿಯಿರಲಿಲ್ಲ.

ಚಷ್ಮದಂಗಡಿಯವರು ತಿರುಗಿ ನೋಡಿದರೆ ಅಕ್ಕ ತಮ್ಮ ಇಬ್ಬರ ಮುಖವೂ ಅರಳಿತ್ತು. ಎಷ್ಟು ಸ್ವಚ್ಛವಾಗಿದೆ, ಆಯಮ್ಮ ಇಲ್ಲೇ ಕುರ್ಚಿ ಎಳೆದುಕೊಂಡು ಕೂತ ಹಾಗಿದೆ ಎಂದು ಹೆಂಡತಿ ಹೇಳಿದಳು. ಇವರು ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದರು. ಡಬ್ಬಗಳನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದರು, ಎರಡು ಗೇಣು ಹಿಂದೆ ತಳ್ಳಿದರು. ಸ್ಪೀಕರಿನ ಮುಂದಿನ ಬಟ್ಟೆ ಕಿತ್ತರು. ತಂತಿಯ ತಪ್ಪು ಎಂದರು, ತಂತಿ ಬದಲಾಯಿತು. ಮಾಡ್ಯೂಲಿನ ತಪ್ಪು ಎಂದರು. ಅದನ್ನು ಬಿಚ್ಚಿ, ಮೂರು ಸೊನ್ನೆಯದನ್ನು ತರಿಸಿದರು. ಅದಕ್ಕೆ ಮತ್ತೆ ಇಪ್ಪತ್ತು ದಿನ. ಮುಂದಿನ ಭಾನುವಾರಗಳಲ್ಲೊಂದು ದಿನ ಅದೂ ಕೂತಿತು. ವಾರ್ತೆಯ ಹೆಂಗಸಿಗೆ ಚಳಿ ಹೆಚ್ಚಾಗಿತ್ತು. ಎರಡನೆಯ ಕಂಬಳಿ ಹೊದ್ದಿದ್ದಳು.

ತಪ್ಪು ಎಲ್ಲಿದೆ ಎಂದು ಆ ಕೋಣೆಯಲ್ಲಿ ಮೂವರಿಗೂ ಗೊತ್ತಿತ್ತು. ಇಬ್ಬರು ಬಾಯಿ ಬಿಡಲಿಲ್ಲ. ಮೂರನೆಯವರು "ಸ್ಪೀಕರೇ ಹೋಗಿರ್ಬೇಕು. ಹನ್ನೊಂದು ವರ್ಷ ಸುಮ್ನೆ ಇತ್ತಲ್ಲ" ಎಂದರು. ಎಂದು ನೆಲದ ಮೇಲೆ ಕೂತುಬಿಟ್ಟರು. ಕೈಯಲ್ಲಿ ತಿರುಪುಳಿ ಇತ್ತು; ಅದನ್ನು ಎಲ್ಲಿಡಬೇಕೆಂದು ಗೊತ್ತಾಗದವರಂತೆ ಹಿಡಿದುಕೊಂಡಿದ್ದರು.

ಸ್ಪೀಕರ್ ಹೋಗಿಲ್ಲ ಎಂದು ಭಾವನಿಗೆ ತೋರಿಸಿ ಆ ಮಾತನ್ನಾದರೂ ಮುಗಿಸೋಣವೆಂದು ಭಾವಮೈದುನ ತನ್ನ ಚೀಲದಿಂದ ಒಂದು ಹಸಿರು ಬೋರ್ಡು ತೆಗೆದ. ಅದೂ ಕ್ಲಾಸ್ ಡಿಯೇ, ಜಾತಿ ಮಾತ್ರ ಬೇರೆ. ಲಿಫ್ಟಿನ ಚಾವಣಿಯಲ್ಲಿ ಕೂತು "ಬಾಗಿಲು ಮುಚ್ಚುತ್ತಿದೆ" ಎಂದು ಹೇಳುವುದು ಅದರ ಉದ್ಯೋಗ. ಸೊನ್ನೆಗಳ ಮಾತು ದೂರ ಉಳಿಯಿತು, ಅದರ ಕೆಡುಕನ್ನು ಅಳೆಯುವ ಕಷ್ಟವನ್ನೇ ಯಾರೂ ತೆಗೆದುಕೊಂಡಿರಲಿಲ್ಲ. ಅವನು ಅದನ್ನು ಬಲಗಡೆಯ ಡಬ್ಬಕ್ಕೆ ಸಿಕ್ಕಿಸಿ ವಾರ್ತೆ ಹಾಕಿದ.

ಹೆಂಗಸು ಕಂಬಳಿ ಕಿತ್ತೆಸೆದು ಎದ್ದು ಕೂತಳು.

ಹಲ್ಲು, ತುಟಿ, ನಾಲಗೆ ಎಲ್ಲ ಒಂದೇ ಸಲ ಬಂದವು. "ಸಚಿವ ಸಂಪುಟದ ಸಭೆ" ಎಂದಳು; ಅದರಲ್ಲಿದ್ದ ಪ್ರತಿಯೊಂದು ಸಕಾರವೂ ಚಷ್ಮದಂಗಡಿಯವರ ಕಿವಿಗೆ ತಣ್ಣೀರು ಎರಚಿದಂತೆ ತಾಗಿತು. ಹಾಳೆ ಮಗುಚಿದ ಸದ್ದನ್ನೂ ಕೇಳಿದರು. ತಿರುಪುಳಿ ಕೈಯಿಂದ ಬಿತ್ತು, ಅದೊಂದು ಕೇಳಿಸಲಿಲ್ಲ.

ಹೆಂಡತಿ ಎರಡು ಕಿವಿಗೂ ಬೆರಳು ಕೊಟ್ಟುಕೊಂಡಿದ್ದಳು. ತಗಡಿನ ಮೇಲೆ ಮೊಳೆ ಎಳೆದ ಹಾಗಿದೆ, ನಿಲ್ಲಿಸು ಎಂದು ತಮ್ಮನಿಗೆ ಕೈ ಮಾಡುತ್ತಿದ್ದಳು. ತಮ್ಮ ಸದ್ದಿನ ಗೆರೆ ಬರೆದು ತೋರಿಸುವ ಮೀಟರು ಹಿಡಿದು ನೋಡಿ ನಕ್ಕ.

"ಭಾವ, ಇದು ತಪ್ಪು ಬೋರ್ಡು. ನಾಲ್ಕು ಓಮಿನ ಸಣ್ಣ ಸ್ಪೀಕರಿಗೆ ಅಂತ ಸುರುಳಿ ಸುತ್ತಿರೋದು. ನಿಮ್ಮ ಡಬ್ಬ ಎಂಟು ಓಮು. ಹೊರೆ ಸಾಲಲ್ಲ ಇದಕ್ಕೆ, ತೆಳು ಸದ್ದೆಲ್ಲ ಗೋಡೆ ಹತ್ತಿದ ಹಾಗೆ ಮೇಲಕ್ಕೇಳುತ್ತೆ. ನೋಡಿ."

ಚಷ್ಮದಂಗಡಿಯವರು ಮೀಟರಿನ ಗೆರೆ ನೋಡಿದರು. ಎಡದಿಂದ ನೆಟ್ಟಗೆ ಬಂದು, ನಡುದಾರಿಯಿಂದ ಮೇಲಕ್ಕೆ ಏರಿತ್ತು. ಡಾಕ್ಟರ ಹಾಳೆಯ ಗೆರೆಯನ್ನು ತಲೆಕೆಳಗು ಮಾಡಿ ಬರೆದಂತಿತ್ತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬೋರ್ಡು ಬಿಚ್ಚಿಬಿಡು ಎಂದರು.

ಬಿಚ್ಚುವುದು ಬೇಡ ಎಂದು ಹೆಂಡತಿ ಹೇಳಿದಳು. ಗಂಡನ ಮುಖ ಅವಳು ನೋಡಿದ್ದಳು. ಇವರು ಕೇಳಲಿಲ್ಲ. ಬೇರೆಯವರ ಹಾಡಾದರೆ ಏನೋ ಹೋಗಲಿ, ಆ ಹಾಡನ್ನು ಇಂಥ ಬೋರ್ಡಿನಲ್ಲಿ ಹಾಕುವುದಿಲ್ಲ, ಇಪ್ಪತ್ತಾರು ವರ್ಷ ಕಾದದ್ದು ಲಿಫ್ಟಿನಲ್ಲಿ ಕೇಳುವುದಕ್ಕಲ್ಲ ಎಂದರು. ಹಾಗಾದರೆ ಹಳೆ ಸೆಟ್ಟಿನ ಹಾಗೆ ಒಂದು ಟ್ರೆಬಲ್ ತಿರುಪು ಕೂರಿಸಿಕೊಡುತ್ತೇನೆ ಎಂದ ಭಾವಮೈದುನನನ್ನು ಇನ್ನೂ ಕೆಟ್ಟದಾಗಿ ನೋಡಿದರು. ಅವನು ಚೀಲ ಕಟ್ಟುವ ನೆಪದಲ್ಲಿ ಬಾಗಿಲ ಕಡೆ ಸರಿದ.

"ಸುಳ್ಳು ಅದು," ಎಂದರು ಚಷ್ಮದಂಗಡಿಯವರು. "ನಿನ್ನ ದನೀಲಿ ಇಲ್ಲದೇ ಇರೋದನ್ನ ಸೇರಿಸಿ ಕೇಳಿಸುತ್ತೆ. ಸೊಟ್ಟ ಬೋರ್ಡು."

ಹೆಂಡತಿ ಅವರೆದುರಿಗೆ ಬಂದು, ತುಟಿ ಕಾಣುವ ಹಾಗೆ ನೆಲದ ಮೇಲೇ ಕೂತಳು. ಆ ಒರಟು ದನಿಯಲ್ಲಿ ನಿಧಾನವಾಗಿ ಕೇಳಿದಳು.

"ರೀ, ಇಪ್ಪತ್ತೊಂಬತ್ತು ವರ್ಷದಲ್ಲಿ ನೆಟ್ಟಗಿರೋ ಗಾಜು ಎಷ್ಟು ಜನಕ್ಕೆ ಮಾರಿದೀರಿ?"

ಅವರು ಬಾಯಿ ತೆರೆದರು. ಒಂದೇ ಒಂದು ಸಲ ಮಾರಿದ್ದರು, ಮೇಷ್ಟ್ರ ಪಾತ್ರ ಮಾಡುತ್ತಿದ್ದ ಒಬ್ಬ ನಾಟಕದವನಿಗೆ. ಅವನ ಕಣ್ಣು ಚೆನ್ನಾಗಿತ್ತು.

"ಕಣ್ಣು ಎಷ್ಟು ಸೊಟ್ಟ ಇರುತ್ತೋ ಅಷ್ಟೇ ಸೊಟ್ಟ ಗಾಜು ಕೊಡ್ತೀರಿ. ಸುಳ್ಳು ತೋರಿಸ್ತಾ ಇದೀನಿ ಅಂತ ಯಾವತ್ತಾದ್ರೂ ಅನ್ಸಿದೆಯಾ ನಿಮಗೆ?"

ಅವರು ಮೂಗಿನ ಮೇಲಿದ್ದ ತಮ್ಮ ದಪ್ಪ ಚಷ್ಮ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಗಿರಾಕಿಗಳಿಗೆ ಎಂದೂ ಹಾಗೆ ಒರೆಸಲು ಬಿಡುವವರಲ್ಲ, ಗೀರು ಬೀಳುತ್ತದೆ ಎಂದು ಬೈಯುವವರು.

"ನಿನಗೆ ಕೇಳಕ್ಕಾಗಲ್ವಲ್ಲ ಅದು. ಕಿವಿ ಮುಚ್ಕೊಂಡೆ ನೀನು," ಎಂದರು ಕೊನೆಗೆ.

"ನನಗೆ ಬೇಡ ಬಿಡಿ."

"ಬೇಡ ಅಂದ್ರೆ? ನೀನೂ ಕೇಳಿಲ್ಲ ಅದನ್ನ. ನಾನು ಕೇಳಕ್ಕೆ ಬಿಟ್ಟೇ ಇಲ್ಲ."

ಇದನ್ನು ಅವರು ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದರು. ಹೇಳಿದ ಮೇಲೆ ತಲೆ ಎತ್ತಲಾಗಲಿಲ್ಲ. ಅವಳ ಕೈಯೇನೋ ಮೊಣಕಾಲಿನ ಮೇಲೆ ಬಂತು. ಏನಾದರೂ ಹೇಳಿದಳೇನೋ, ತಲೆ ತಗ್ಗಿಸಿದ್ದರಿಂದ ತುಟಿ ಕಾಣಲಿಲ್ಲ.

ಉಪಾಯ ಹೊಳೆದದ್ದು ಬಾಗಿಲಲ್ಲಿ ನಿಂತಿದ್ದವನಿಗೆ. ರೇಡಿಯೋದವರ ಆ ಕಾಲದ ರೆಕಾರ್ಡಿಂಗು ಒಂದೇ ಮೈಕಿನದು. ಎಡ ಬಲ ಎಂಬ ಭೇದವೇ ಅದರಲ್ಲಿಲ್ಲ. ಎರಡು ಡಬ್ಬದಲ್ಲೂ ಬರುವುದು ಅದೇ ದನಿ. ಅಂದ ಮೇಲೆ ಎರಡಕ್ಕೂ ಒಂದೇ ಬೋರ್ಡು ಯಾಕಿರಬೇಕು? ಎಡಗಡೆ ಅಕ್ಕನಿಗೆ ನಾಲ್ಕು ಸೊನ್ನೆಯದು, ಬಲಗಡೆ ಭಾವನಿಗೆ ಲಿಫ್ಟಿನದು. ಕೂಟದ ಮಂದಿಯ ಪಾಲಿಗೆ ಇದಕ್ಕಿಂತ ದೊಡ್ಡ ಪಾಪವಿಲ್ಲ. ಜೋಡಿ ಮಾಡ್ಯೂಲುಗಳು ಅವಳಿ ಮಕ್ಕಳಂತಿರಬೇಕು, ಒಂದೇ ದಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿರಬೇಕು ಎಂಬುದರಲ್ಲಿ ಮಾತ್ರ ಸೊನ್ನೆರಾಯನಿಗೂ ಬಿಸಿದೀಪನಿಗೂ ಭಿನ್ನಮತವಿರಲಿಲ್ಲ. ಚಷ್ಮದಂಗಡಿಯವರೂ ಅದೇ ಮತದವರು. ಬಹಳ ಹೊತ್ತು ಯೋಚಿಸಿ, ಹೂಂ ಎಂದು ಗೋಣು ಹಾಕಿದರು. ನಾಳೆ ಮತ್ತೆ ಡಾಕ್ಟರ ಹತ್ತಿರ ಹೋಗುವುದಿತ್ತು. ನಾಳೆಯ ಗೆರೆ ಎಲ್ಲಿರುತ್ತದೋ ಯಾರಿಗೆ ಗೊತ್ತು.

ಬೆಸುಗೆ ಮುಗಿಸಿ ಭಾವಮೈದುನ ಹೊರಟ. ಇದ್ದು ಕೇಳಿ ಹೋಗೋ ಎಂದರೂ ನಿಲ್ಲಲಿಲ್ಲ. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಯ ನಡುವೆ ನಿಂತಿದೆ ಎಂದ. ಭಾನುವಾರ ಅವನ ಫೋನು ಆಫಾಗಿರುತ್ತಿತ್ತು, ಅದು ಅಕ್ಕನಿಗೆ ಗೊತ್ತು.

ಹೆಂಡತಿ ಎರಡು ಲೋಟ ಚಹಾ ಮಾಡಿ ತಂದಳು. ಎಡಗಡೆಯ ಡಬ್ಬದ ಎದುರಿಗೊಂದು ಕುರ್ಚಿ, ಬಲಗಡೆಯದರ ಎದುರಿಗೊಂದು ಕುರ್ಚಿ. ನಡುವೆ ಒಂದು ಸ್ಟೂಲು. ಬೀರುವಿನಿಂದ ಕ್ಯಾಸೆಟ್ಟು ಬಂತು. ಗುಂಡಿ ಒತ್ತಿದವಳು ಅವಳು.

ಚಷ್ಮದಂಗಡಿಯವರು ಕಣ್ಣು ಮುಚ್ಚಿದರು.

ಮೊದಲು ಒಂದು ಉಸಿರು ಬಂತು. ಹಾಡುವ ಮುಂಚೆ ಎಳೆದುಕೊಂಡ, ಹೆದರಿದ ಹುಡುಗಿಯೊಬ್ಬಳ ಉಸಿರು. ಅಂಗಡಿಯ ಹಳೆಯ ರೇಡಿಯೋದಲ್ಲಿ ಅದು ಕೇಳಿಸಿರಲಿಲ್ಲ. ಆಮೇಲೆ ದನಿ ಬಂತು. ಅದು ಮಸುಕಾಗಿರಲಿಲ್ಲ. ಅಂಚು ಚೂಪಾಗಿತ್ತು, ಅಲ್ಲಲ್ಲಿ ತಗಡಿನ ನಾದವೂ ಸೇರಿತ್ತು, ಸೇರಲಿ ಎಂದುಕೊಂಡರು. ಅಕ್ಷರಗಳು ಒಂದೊಂದಾಗಿ ನೆಲಕ್ಕೆ ಕಾಲೂರಿ ಬಂದವು. ಮೊದಲ ಸಾಲು, ಎರಡನೆಯದು, ಮತ್ತೆ ಮೊದಲನೆಯದು. ಮೂರನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲೊಂದು ಕ್ಷಣ ನಿಂತಾಗ ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಲ್ಲಿಂದ ಅದು ಇಳಿಯಿತು. ಇಳಿಯುತ್ತ ಮೆತ್ತಗಾಯಿತು, ಇನ್ನೂ ಮೆತ್ತಗೆ, ಅವರು ಬಲಕ್ಕೆ ವಾಲಿದರು, ಡಬ್ಬದ ಹತ್ತಿರಕ್ಕೆ ಕಿವಿ ಒಯ್ದರು. ದನಿ ಎಲ್ಲೋ ಇತ್ತು. ಪಕ್ಕದ ಕೋಣೆಯಲ್ಲಿದ್ದ ಹಾಗೆ, ಆಮೇಲೆ ಪಕ್ಕದ ಮನೆಯಲ್ಲಿದ್ದ ಹಾಗೆ. ಇದೆ ಎಂದುಕೊಂಡು ಕಾದರು. ಬಾಗಿಯೇ ಕಾದರು.

ಕಣ್ಣು ತೆರೆದಾಗ ಕ್ಯಾಸೆಟ್ಟಿನ ಗುಂಡಿ ಮೇಲಕ್ಕೆದ್ದು ನಿಂತಿತ್ತು. ಹೆಂಡತಿ ಎಡಗಡೆಯ ಕುರ್ಚಿಯಲ್ಲಿ ಅಲುಗಾಡದೆ ಕೂತು ಅವರನ್ನೇ ನೋಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಯಾವಾಗ ಮುಗೀತು?"

"ಈಗಷ್ಟೇ," ಎಂದಳು, ತುಟಿ ಅಗಲಿಸಿ.

ಅವರು ಸ್ಟೂಲಿನ ಮೇಲಿನ ಲೋಟ ಮುಟ್ಟಿದರು. ಚಹಾ ಪೂರ್ತಿ ತಣ್ಣಗಾಗಿತ್ತು, ಮೇಲೆ ಕೆನೆ ಕಟ್ಟಿತ್ತು. ಅದನ್ನು ಕೆಳಗಿಟ್ಟರು.

"ಕೊನೇ ಸಾಲಲ್ಲಿ ಉಸಿರು ಸಾಲಲಿಲ್ಲ ನನಗೆ," ಎಂದಳು ಅವಳು. "ಬೇಗ ಬೇಗ ಮುಗಿಸಿಬಿಟ್ಟಿದೀನಿ. ನನಗೇ ಮರೆತುಹೋಗಿತ್ತು. ಕೇಳಿಸ್ತಾ ನಿಮಗೆ?"

"ಕೇಳಿಸ್ತು."

ಅವಳು ಎದ್ದು, ಅವರ ಕುರ್ಚಿಯನ್ನು ಅವರ ಸಮೇತ ಬಲಗಡೆಯ ಡಬ್ಬಕ್ಕೆ ತಾಗುವಷ್ಟು ಹತ್ತಿರ ತಳ್ಳಿ, ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸತೊಡಗಿದಳು.